9 ಸೆಕೆಂಡಿನ ಬೈಟ್: ಅಮೆರಿಕದ ಚುನಾವಣೆ ನೋಡಿ ಎಡಿಟಿಂಗ್ ಕಲಿಸುವುದು

ನಾನು ಬೆಂಗಳೂರಿನ ಒಂದು ಕನ್ನಡ ಸುದ್ದಿ ವಾಹಿನಿಯಲ್ಲಿ ವಿಡಿಯೋ ಎಡಿಟರ್. ವಿದೇಶದ ಸುದ್ದಿಯ ವಿಶುವಲ್ಸ್ ಹೆಚ್ಚಾಗಿ ನನ್ನ ಕಡೆಗೇ ಬರುತ್ತವೆ. ಅಮೆರಿಕದ ಅಧ್ಯಕ್ಷ ಚುನಾವಣೆ ಬಂತೆಂದರೆ ತಿಂಗಳುಗಟ್ಟಲೆ ಅದೇ ಕೆಲಸ. ಸುದ್ದಿ ಏಜೆನ್ಸಿಯಿಂದ ಗಂಟೆಗಟ್ಟಲೆ ಫೀಡ್, ಅಂದರೆ ಕತ್ತರಿಸದ ವಿಡಿಯೋ, ಬರುತ್ತದೆ. ಬುಲೆಟಿನ್‌ಗೆ ಬೇಕಾಗಿರುವುದು ಒಂದೂವರೆ ನಿಮಿಷದ ಪ್ಯಾಕೇಜ್. ಅದರಲ್ಲಿ ಅಭ್ಯರ್ಥಿಯ ಬೈಟ್‌ಗೆ, ಅಂದರೆ ಅವರ ಬಾಯಿಂದಲೇ ಬರುವ ಮಾತಿನ ತುಣುಕಿಗೆ, ಸಿಗುವುದು ಹತ್ತು ಸೆಕೆಂಡು, ಜಾಸ್ತಿ ಅಂದರೆ ಹದಿನೈದು. ಯಾವ ಹತ್ತು ಸೆಕೆಂಡು ಎನ್ನುವುದು ಎಡಿಟಿಂಗ್ ಟೇಬಲ್‌ನಲ್ಲಿ ತೀರ್ಮಾನವಾಗುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಆ ಅಭ್ಯರ್ಥಿ ಅಂದರೆ ಅಷ್ಟೇ.

ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವ ಜವಾಬ್ದಾರಿಯೂ ನನ್ನದೇ. ಸಾಫ್ಟ್‌ವೇರ್ ಅವರಿಗೆ ಗೊತ್ತಿರುತ್ತದೆ. ಹಾಗಾಗಿ ನಾನು ಅಮೆರಿಕದ ಹಳೆಯ ಪ್ರಚಾರದ ವಿಡಿಯೋಗಳನ್ನು ಹಾಕಿ ಮಾತಾಡುತ್ತೇನೆ. ನಮ್ಮದೇ ಚುನಾವಣೆಯ ವಿಡಿಯೋ ಹಾಕಿದರೆ ಐದೇ ನಿಮಿಷದಲ್ಲಿ ಮಾತು ಪಕ್ಷದ ಕಡೆ ತಿರುಗುತ್ತದೆ. ಅಮೆರಿಕದ್ದಾದರೆ ಯಾರಿಗೂ ಸ್ವಂತದ ಸಿಟ್ಟಿಲ್ಲ, ಕೆಲಸದ ಬಗ್ಗೆ ಮಾತಾಡಬಹುದು. ಅಲ್ಲದೆ ಟಿವಿ ಮತ್ತು ರಾಜಕೀಯ ಅಲ್ಲಿ ಎಪ್ಪತ್ತು ವರ್ಷದಿಂದ ಕೈಕೈ ಹಿಡಿದು ಬೆಳೆದಿವೆ. ಯಾವ ಬೆಳಕು, ಯಾವ ಮೈಕು, ಯಾವ ಕಟ್ ಎನ್ನುವುದೆಲ್ಲ ದಾಖಲಾಗಿದೆ.

ನಾನು ಮೊದಲು ಹಾಕುವುದು 2004ರ ಹೋವರ್ಡ್ ಡೀನ್ ವಿಡಿಯೋ. ಡೀನ್ ವರ್ಮಾಂಟ್ ರಾಜ್ಯದ ಗವರ್ನರ್ ಆಗಿದ್ದವರು. ಇರಾಕ್ ಯುದ್ಧವನ್ನು ನೇರವಾಗಿ ವಿರೋಧಿಸಿ, ಇಂಟರ್‌ನೆಟ್ ಮೂಲಕ ಸಣ್ಣ ಸಣ್ಣ ದೇಣಿಗೆ ಕೂಡಿಸಿ, ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಓಟದಲ್ಲಿ ಮುಂದಿದ್ದರು. ಜನವರಿ 19ರಂದು ಅಯೋವಾ ರಾಜ್ಯದಲ್ಲಿ ಆ ಟಿಕೆಟ್‌ಗಾಗಿ ಮೊದಲ ಮತದಾನ. ಡೀನ್ ಮೂರನೇ ಸ್ಥಾನಕ್ಕೆ ಹೋದರು. ಅವತ್ತು ರಾತ್ರಿ ಸಾವಿರಾರು ಬೆಂಬಲಿಗರು ತುಂಬಿದ್ದ ಸಭಾಂಗಣದಲ್ಲಿ, ಮನಸ್ಸು ಕುಗ್ಗಿದ್ದ ಹುಡುಗರನ್ನು ಹುರಿದುಂಬಿಸಲು ಮುಂದಿನ ರಾಜ್ಯಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾ ಹೋದರು. ಕೊನೆಗೆ ಗಂಟಲು ಕೀರಲಾಗಿ ಒಂದು ಕೂಗು ಹಾಕಿದರು.

ಮೊದಲು ಟಿವಿಯಲ್ಲಿ ಬಂದ ಹಾಗೆ ಹಾಕುತ್ತೇನೆ. ಕೆಂಪು ಮುಖದ ಒಬ್ಬ ಮನುಷ್ಯ ಸುಮ್ಮಸುಮ್ಮನೆ ಕಿರುಚುತ್ತಿರುವ ಹಾಗೆ ಕಾಣುತ್ತದೆ. ಎಲ್ಲರೂ ನಗುತ್ತಾರೆ. ಆಮೇಲೆ ಸಭಿಕರ ನಡುವೆ ನಿಂತಿದ್ದ ಕ್ಯಾಮೆರಾದ ವಿಡಿಯೋ ಹಾಕುತ್ತೇನೆ. ಅದರಲ್ಲಿ ಡೀನ್ ದನಿ ಕೇಳಿಸುವುದೇ ಕಷ್ಟ. ಜನರ ಗದ್ದಲ ಅಷ್ಟಿದೆ. ಯಾಕೆ ಹೀಗೆ? ಅವರ ಕೈಯಲ್ಲಿದ್ದದ್ದು ಸುತ್ತಲಿನ ಸದ್ದನ್ನು ತಡೆಯುವ ಮೈಕು. ವಾಹಿನಿಗಳಿಗೆ ಹೋದ ಆಡಿಯೋ ಆ ಮೈಕಿನದ್ದು. ಸಭೆಯ ಆಂಬಿಯೆನ್ಸ್, ಅಂದರೆ ಸುತ್ತಲಿನ ಸದ್ದು, ಪೂರ್ತಿ ಬಿಟ್ಟುಹೋಗಿತ್ತು. ಮದುವೆ ಮನೆಯಲ್ಲಿ ವಾಲಗ ಜೋರಾಗಿದ್ದಾಗ ಪಕ್ಕದವರ ಕಿವಿಗೆ ಕೂಗಿ ಹೇಳುತ್ತೇವೆ ಅಲ್ವಾ? ವಾಲಗದ ಸದ್ದು ತೆಗೆದು ಆ ಕೂಗನ್ನಷ್ಟೇ ಕೇಳಿಸಿದರೆ ನಾವೆಲ್ಲರೂ ಹಾಗೇ ಕಾಣುತ್ತೇವೆ.

ನಾಲ್ಕೇ ದಿನದಲ್ಲಿ ಅಮೆರಿಕದ ವಾಹಿನಿಗಳಲ್ಲಿ ಅದು 633 ಸಲ ಪ್ರಸಾರವಾಯಿತು ಎಂಬ ಲೆಕ್ಕ ಆಗ ವರದಿಯಾಗಿತ್ತು. ತಡರಾತ್ರಿಯ ಹಾಸ್ಯ ಕಾರ್ಯಕ್ರಮಗಳು ಅದನ್ನು ಎತ್ತಿಕೊಂಡವು. ಸಂಗೀತ ಸೇರಿಸಿದ ರೀಮಿಕ್ಸ್‌ಗಳು ಇಂಟರ್‌ನೆಟ್‌ನಲ್ಲಿ ಹರಿದಾಡಿದವು. ಎಬಿಸಿ ವಾಹಿನಿಯ ನಿರೂಪಕಿ ಡಯಾನ್ ಸಾಯರ್ ಸಭಿಕರ ಸದ್ದಿನ ಜೊತೆಗಿದ್ದ ವಿಡಿಯೋ ಹಾಕಿ ವ್ಯತ್ಯಾಸ ತೋರಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಆ ಕೂಗಿನಿಂದಲೇ ಡೀನ್ ಸೋತರು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಕೂಗುವ ಮೊದಲೇ ಅವರು ಅಯೋವಾದಲ್ಲಿ ಸೋತಿದ್ದರು. ಬಿದ್ದವರು ಮತ್ತೆ ಏಳುವ ದಾರಿಯನ್ನು ಆ ಕ್ಲಿಪ್ ಮುಚ್ಚಿತು ಎನ್ನಬಹುದು. ಅದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ.

"ಆದ್ರೂ ಅವರು ಕಿರುಚಿದ್ದು ನಿಜ ತಾನೇ ಸರ್? ನಾವೇನೂ ಸೇರಿಸಿಲ್ವಲ್ಲ?" ಎಂದು ಹುಡುಗರು ಕೇಳುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ ಅದು. ನಾವು ಸುಳ್ಳು ಸೇರಿಸಬೇಕಾಗಿಲ್ಲ. ಆಂಬಿಯೆನ್ಸ್ ಟ್ರ್ಯಾಕ್ ಇಲ್ಲದಿದ್ದರೆ ಸಾಕು, ಬೇರೆಯದೇ ಮನುಷ್ಯ ತಯಾರಾಗುತ್ತಾನೆ. ಅದನ್ನೇ ಲೂಪ್‌ನಲ್ಲಿ, ಮತ್ತೆ ಮತ್ತೆ, ಹಾಕಿದರೆ ಮುಗಿದೇ ಹೋಯಿತು. ಒಂದು ಸಲ ಮಾಡಿದ್ದನ್ನು ಅವನು ದಿನವಿಡೀ ಮಾಡುತ್ತಲೇ ಇದ್ದಾನೆ ಎಂದು ನೋಡುವವರ ಕಣ್ಣಿಗೆ ಅನಿಸುತ್ತದೆ.

ಟಿವಿ ಚುನಾವಣೆಯ ಮಾತು ಬಂದಾಗ ಎಲ್ಲರೂ 1960ರ ಅಧ್ಯಕ್ಷ ಅಭ್ಯರ್ಥಿಗಳಾದ ಕೆನಡಿ–ನಿಕ್ಸನ್ ಚರ್ಚೆಯಿಂದ ಶುರು ಮಾಡುತ್ತಾರೆ. ನಾನೂ ಅದನ್ನು ತೋರಿಸುತ್ತೇನೆ, ಆದರೆ ಬೆಳಕಿನ ಪಾಠಕ್ಕಾಗಿ. ಸೆಪ್ಟೆಂಬರ್ 26, ಷಿಕಾಗೊದ ಸಿಬಿಎಸ್ ಸ್ಟುಡಿಯೊ. ನಿಕ್ಸನ್ ಮೊಣಕಾಲಿನ ಸೋಂಕಿಗೆ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮೈ ಇಳಿದಿತ್ತು. ತಿಳಿ ಬೂದು ಬಣ್ಣದ ಸೂಟು, ಹಿಂದಿನ ಗೋಡೆಯೂ ಹೆಚ್ಚುಕಡಿಮೆ ಅದೇ ಬಣ್ಣ. ಕಪ್ಪು ಬಿಳುಪು ಟಿವಿಯಲ್ಲಿ ಅವರು ಗೋಡೆಯಲ್ಲೇ ಕರಗಿಹೋದ ಹಾಗೆ ಕಂಡರು. ಸರಿಯಾದ ಮೇಕಪ್ ಬೇಡವೆಂದು ಗಡ್ಡದ ನೆರಳು ಮುಚ್ಚುವ ಪೌಡರ್ ಮಾತ್ರ ಹಚ್ಚಿಸಿಕೊಂಡಿದ್ದರು. ಕೆನಡಿ ಕಡು ಬಣ್ಣದ ಸೂಟಿನಲ್ಲಿ ಎದ್ದು ಕಂಡರು. ಸುಮಾರು 7 ಕೋಟಿ ಜನ ನೋಡಿದರು. ಕೆನಡಿ ಗೆದ್ದ ಆ ಚುನಾವಣೆಯಲ್ಲಿ ದೇಶದಾದ್ಯಂತ ಇಬ್ಬರ ಮತಗಳ ಅಂತರ ಸುಮಾರು 1.13 ಲಕ್ಷ.

ರೇಡಿಯೊದಲ್ಲಿ ಕೇಳಿದವರು ನಿಕ್ಸನ್ ಗೆದ್ದರು ಅಂದರು, ಟಿವಿಯಲ್ಲಿ ನೋಡಿದವರು ಕೆನಡಿ ಗೆದ್ದರು ಅಂದರು ಎಂಬ ಕಥೆ ನೀವೂ ಕೇಳಿರಬಹುದು. ಅದನ್ನು ಸ್ಕ್ರಿಪ್ಟ್‌ನಲ್ಲಿ ಸತ್ಯ ಎಂಬಂತೆ ಬರೆಯಬೇಡಿ ಎಂದು ನಮ್ಮ ಹುಡುಗರಿಗೆ ಹೇಳುತ್ತೇನೆ. ಅದರ ಹಿಂದಿರುವುದು ಒಂದು ಸಣ್ಣ ಸಮೀಕ್ಷೆ. ರೇಡಿಯೊ ಕೇಳುತ್ತಿದ್ದವರಲ್ಲಿ ಹಳ್ಳಿಗಾಡಿನವರು ಜಾಸ್ತಿ, ಅವರಲ್ಲಿ ಹಲವರು ಮೊದಲೇ ನಿಕ್ಸನ್ ಕಡೆ ಇದ್ದಿರಬಹುದು ಎಂದು ಸಂಶೋಧಕರು ಪ್ರಶ್ನೆ ಎತ್ತಿದ್ದಾರೆ. ಟಿವಿಯ ಶಕ್ತಿಯ ಬಗ್ಗೆ ಟಿವಿಯವರೇ ಹೇಳಿಕೊಳ್ಳುವ ಕಥೆಗಳನ್ನು ಇನ್ನೂ ಒಂದು ಸಲ ಪರೀಕ್ಷಿಸಬೇಕು.

ಸಂದೇಹವಿಲ್ಲದ ಲೆಕ್ಕ ಬೇರೊಂದಿದೆ. ಡೇನಿಯಲ್ ಹಾಲಿನ್ ಎಂಬ ಸಂಶೋಧಕರು ಅಮೆರಿಕದ ಸಂಜೆಯ ಸುದ್ದಿಯಲ್ಲಿ ಅಭ್ಯರ್ಥಿಗಳ ಬೈಟ್ ಎಷ್ಟು ಉದ್ದ ಇರುತ್ತಿತ್ತು ಎಂದು ಅಳೆದರು. 1968ರಲ್ಲಿ ಸರಾಸರಿ 43 ಸೆಕೆಂಡು. 1988ಕ್ಕೆ ಬರುವಷ್ಟರಲ್ಲಿ 9 ಸೆಕೆಂಡು. 43 ಸೆಕೆಂಡಿನಲ್ಲಿ ಒಂದು ಮಾತು ಹೇಳಿ, ಅದಕ್ಕೊಂದು ಕಾರಣ ಕೊಡಬಹುದು. 9 ಸೆಕೆಂಡಿನಲ್ಲಿ ಕಾರಣಕ್ಕೆ ಜಾಗವಿಲ್ಲ. ಬರೀ ಪಂಚ್ ಲೈನ್.

ರಾಜಕಾರಣಿಗಳಿಗೆ ಇದು ನಮಗಿಂತ ಮೊದಲೇ ಅರ್ಥವಾಯಿತು. ರೊನಾಲ್ಡ್ ರೇಗನ್ ಸಿನಿಮಾ ನಟರಾಗಿದ್ದವರು, ಕ್ಯಾಮೆರಾ ಎದುರು ಎಷ್ಟು ಹೊತ್ತು ನಿಲ್ಲಿಸಿ ಮಾತಾಡಬೇಕು ಎಂದು ಗೊತ್ತಿತ್ತು. ಅಧ್ಯಕ್ಷರಾಗಿದ್ದು ಮತ್ತೆ ಸ್ಪರ್ಧಿಸಿದ 1984ರಲ್ಲಿ ಅವರಿಗೆ 73 ವರ್ಷ. ಮೊದಲ ಚರ್ಚೆಯಲ್ಲಿ ತಡವರಿಸಿದ್ದರು, ವಯಸ್ಸಿನ ಪ್ರಶ್ನೆ ಜೋರಾಗಿ ಎದ್ದಿತ್ತು. ಎರಡನೇ ಚರ್ಚೆಯಲ್ಲಿ ಅದನ್ನೇ ಕೇಳಿದಾಗ, ನನ್ನ ಎದುರಾಳಿಯ ಯೌವನ ಮತ್ತು ಅನುಭವದ ಕೊರತೆಯನ್ನು ರಾಜಕೀಯ ಲಾಭಕ್ಕೆ ಬಳಸಿಕೊಳ್ಳುವುದಿಲ್ಲ ಎಂದರು. ಎದುರಾಳಿ ವಾಲ್ಟರ್ ಮಾಂಡೇಲ್ ಕೂಡ ನಕ್ಕರು. ಆ ರಾತ್ರಿ ಪರಮಾಣು ಅಸ್ತ್ರದ ಬಗ್ಗೆ, ಮಧ್ಯ ಅಮೆರಿಕದ ಬಗ್ಗೆ ಗಂಭೀರವಾದ ಮಾತು ನಡೆದಿತ್ತು. ಇವತ್ತಿಗೂ ಓಡುತ್ತಿರುವುದು ಆ ಒಂದು ಸಾಲು. ಎಡಿಟರ್ ಆಗಿ ಹೇಳುತ್ತೇನೆ, ಅಂಥ ಸಾಲು ಸಿಕ್ಕರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಶುರು, ಕೊನೆ, ನಗು, ಎದುರಾಳಿಯ ರಿಯಾಕ್ಷನ್ ಶಾಟ್ ಎಲ್ಲವೂ ಅದರಲ್ಲೇ ಇದೆ. ಕತ್ತರಿ ಹಾಕುವ ಕೆಲಸವನ್ನೂ ಅವರೇ ಮುಗಿಸಿ ಕೊಟ್ಟಿರುತ್ತಾರೆ. ಅದಕ್ಕೇ ಅಂಥ ಕಡೆ ಒಂದು ಕ್ಷಣ ನಿಲ್ಲಬೇಕು. ಇದು ನಾನು ಆರಿಸಿದ್ದೋ, ನಾನು ಆರಿಸುವಂತೆ ಅವರು ಮಾಡಿದ್ದೋ?

1964ರ 'ಡೇಸಿ' ಜಾಹೀರಾತು ಇದೇ ಜಾತಿಯದ್ದು. ಒಂದು ಪುಟ್ಟ ಹುಡುಗಿ ಹೂವಿನ ಎಸಳು ಕೀಳುತ್ತಾ ಎಣಿಸುತ್ತಾಳೆ, ಆಮೇಲೆ ಅಣುಬಾಂಬಿನ ಸ್ಫೋಟ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಕಡೆಯವರು ಹಣ ಕೊಟ್ಟು ಅದನ್ನು ಪ್ರಸಾರ ಮಾಡಿಸಿದ್ದು ಒಂದೇ ಸಲ, ಸೆಪ್ಟೆಂಬರ್ 7ರ ರಾತ್ರಿ ಎನ್‌ಬಿಸಿಯಲ್ಲಿ ಸಿನಿಮಾದ ನಡುವೆ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಹೆಸರು ಕೂಡ ಅದರಲ್ಲಿಲ್ಲ. ವಿವಾದವಾಯಿತು. ವಿವಾದದ ಸುದ್ದಿ ಹೇಳಲು ವಾಹಿನಿಗಳು ಪೂರ್ತಿ ಜಾಹೀರಾತನ್ನೇ ಮತ್ತೆ ತೋರಿಸಿದವು, ಬಿಡಿಗಾಸು ಖರ್ಚಿಲ್ಲದೆ. ಇವತ್ತು ಯಾವುದಾದರೂ 'ವಿವಾದಾತ್ಮಕ ವಿಡಿಯೋ' ನಮ್ಮ ಡೆಸ್ಕ್‌ಗೆ ಬಂದರೆ ನಾನು ಸ್ಟಿಲ್ ತೆಗೆದು ಹಾಕುತ್ತೇನೆ, ಇಲ್ಲವೇ ಎರಡು ಮೂರು ಸೆಕೆಂಡು. ಪೂರ್ತಿ ಓಡಿಸಿದರೆ ನಾವು ಅವರ ಪ್ರಚಾರದ ಗಾಡಿ.

ಮನರಂಜನೆ ಚುನಾವಣೆಯೊಳಗೆ ಬಂದದ್ದು ಈಚೆಗೆ ಅಂದುಕೊಳ್ಳಬೇಡಿ. 1968ರಲ್ಲೇ ನಿಕ್ಸನ್ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಕೆಲವು ಸೆಕೆಂಡು ಬಂದು ಹೋಗಿದ್ದರು. 1992ರಲ್ಲಿ ಬಿಲ್ ಕ್ಲಿಂಟನ್ ಕಪ್ಪು ಕನ್ನಡಕ ಹಾಕಿಕೊಂಡು ಆರ್ಸೆನಿಯೊ ಹಾಲ್ ಶೋನಲ್ಲಿ ಸ್ಯಾಕ್ಸೊಫೋನ್ ನುಡಿಸಿದರು. ಇವೆಲ್ಲ ನಿರುಪದ್ರವಿ ಅನಿಸಬಹುದು. ನನಗೆ ಚಿಂತೆಯಾಗುವುದು ಹಾಸ್ಯದ ಸಾಲು ಸುದ್ದಿಯ ಫೈಲ್‌ಗೆ ಜಾರಿದಾಗ. 2008ರಲ್ಲಿ ಸಾರಾ ಪೇಲಿನ್ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ. ಅಲಾಸ್ಕಾದ ನೆಲದಿಂದ ರಷ್ಯಾ ಕಾಣುತ್ತದೆ ಎಂದು ಸಂದರ್ಶನದಲ್ಲಿ ಹೇಳಿದ್ದರು. ಅಲಾಸ್ಕಾದ ಒಂದು ದ್ವೀಪದಿಂದ ಅದು ನಿಜವೂ ಹೌದು. ನಟಿ ಟೀನಾ ಫೇ 'ಸ್ಯಾಟರ್ಡೇ ನೈಟ್ ಲೈವ್'ನಲ್ಲಿ ಪೇಲಿನ್ ವೇಷ ಹಾಕಿ, ನಮ್ಮ ಮನೆಯಿಂದಲೇ ರಷ್ಯಾ ಕಾಣುತ್ತದೆ ಎಂದರು. ಇವತ್ತಿಗೂ ಆ ಮಾತನ್ನು ಪೇಲಿನ್ ಹೇಳಿದ್ದು ಎಂದೇ ಎಷ್ಟೋ ಜನ ನಂಬಿದ್ದಾರೆ. ಯಾರ ಬೈಟ್, ಯಾವ ಕಾರ್ಯಕ್ರಮ, ಯಾವ ತಾರೀಕು ಎಂದು ಕ್ಲಿಪ್ ಹೆಸರಿನಲ್ಲೇ ಬರೆದಿಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಡೊನಾಲ್ಡ್ ಟ್ರಂಪ್ ವಿಷಯ ನನ್ನ ವೃತ್ತಿಗೆ ಇನ್ನೂ ಹತ್ತಿರ. 2004ರಲ್ಲಿ ಶುರುವಾದ 'ದಿ ಅಪ್ರೆಂಟಿಸ್' ರಿಯಾಲಿಟಿ ಶೋ ಅವರನ್ನು ಒಂದೇ ಮಾತಿನಲ್ಲಿ ತೀರ್ಮಾನ ಮಾಡುವ ದೊಡ್ಡ ಬಾಸ್ ಎಂದು ಕೋಟ್ಯಂತರ ಮನೆಗಳಲ್ಲಿ ಕೂರಿಸಿತು. ಅವರ ಕ್ಯಾಸಿನೊ ಕಂಪನಿಗಳು ದಿವಾಳಿ ಅರ್ಜಿ ಹಾಕಿದ್ದು ಆ ಚಿತ್ರದಲ್ಲಿ ಇರಲಿಲ್ಲ. ಆ ಬೋರ್ಡ್‌ರೂಮ್ ಟ್ರಂಪ್ ಟವರ್‌ನೊಳಗೆ ಶೋಗಾಗಿಯೇ ಕಟ್ಟಿದ ಸೆಟ್. ಚೆನ್ನಾಗಿ ಆಡಿದವರನ್ನೂ ಅವರು ಕೆಲವೊಮ್ಮೆ ಹೊರಗೆ ಹಾಕುತ್ತಿದ್ದರು, ಆ ತೀರ್ಮಾನ ಸರಿ ಎನಿಸುವಂತೆ ಎಪಿಸೋಡನ್ನು ಹಿಂದಿನಿಂದ ಕಟ್ಟಿಕೊಂಡು ಬರಬೇಕಾಗುತ್ತಿತ್ತು ಎಂದು ಆ ಶೋನ ಎಡಿಟರ್ ಒಬ್ಬರು ಆಮೇಲೆ ಹೇಳಿದ್ದಾರೆ. ಅದನ್ನು ಓದಿದಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು. ಅವರದ್ದು ನನ್ನ ಹಾಗೇ ಒಂದು ಕೆಲಸ. ವಾರಕ್ಕೊಂದು ಎಪಿಸೋಡ್ ಕಟ್ಟುತ್ತಿದ್ದವರಿಗೆ ತಾವು ಒಬ್ಬ ಅಧ್ಯಕ್ಷ ಅಭ್ಯರ್ಥಿಯ ಗುಣವನ್ನು ಕಟ್ಟುತ್ತಿದ್ದೇವೆ ಎಂದು ಹೇಗೆ ಗೊತ್ತಾಗಬೇಕು?

2016ರ ಮಾರ್ಚ್ 15ರ ರಾತ್ರಿ, ಡೆಮಾಕ್ರಟಿಕ್ ಟಿಕೆಟ್‌ಗೆ ಸ್ಪರ್ಧಿಸಿದ್ದ ಬರ್ನಿ ಸ್ಯಾಂಡರ್ಸ್ ಫೀನಿಕ್ಸ್‌ನಲ್ಲಿ ಭಾಷಣ ಮಾಡುತ್ತಿದ್ದರು. ಅದೇ ಹೊತ್ತಿಗೆ ಸುದ್ದಿ ವಾಹಿನಿಗಳು ಟ್ರಂಪ್ ಇನ್ನೂ ಬಾರದ ಖಾಲಿ ವೇದಿಕೆಯನ್ನು ತೋರಿಸುತ್ತಿದ್ದವು. ಅದಕ್ಕೆ ಕೆಲವೇ ವಾರ ಮೊದಲು ಸಿಬಿಎಸ್ ಮುಖ್ಯಸ್ಥ ಲೆಸ್ ಮೂನ್ವೆಸ್, ಈ ಚುನಾವಣಾ ಗದ್ದಲ ಅಮೆರಿಕಕ್ಕೆ ಒಳ್ಳೆಯದಲ್ಲದಿರಬಹುದು, ಸಿಬಿಎಸ್‌ಗೆ ಮಾತ್ರ ತುಂಬಾ ಒಳ್ಳೆಯದು ಎಂಬರ್ಥದ ಮಾತಾಡಿದ್ದರು. ಟಿಆರ್‌ಪಿ ಒತ್ತಡ ಏನೆಂದು ನಮ್ಮ ಊರಿನ ಯಾವ ಸುದ್ದಿಮನೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

2024ಕ್ಕೆ ಆಟ ಮತ್ತೆ ಬದಲಾಯಿತು. ಟ್ರಂಪ್ ಜೋ ರೋಗನ್ ಪಾಡ್‌ಕಾಸ್ಟ್‌ನಲ್ಲಿ ಹತ್ತಿರ ಹತ್ತಿರ ಮೂರು ಗಂಟೆ ಕೂತರು. ಅವರ ಎದುರಾಳಿ ಕಮಲಾ ಹ್ಯಾರಿಸ್ 'ಕಾಲ್ ಹರ್ ಡ್ಯಾಡಿ' ಪಾಡ್‌ಕಾಸ್ಟ್‌ಗೆ ಹೋದರು. ಮೂರು ಗಂಟೆ ಮಾತು ಅಂದಾಗ 9 ಸೆಕೆಂಡಿನ ಕಾಲ ಮುಗಿಯಿತೇನೋ ಅನಿಸುತ್ತದೆ. ಆದರೆ ಬಹಳ ಜನರ ಫೋನಿಗೆ ತಲುಪುವುದು ಅದರ ತುಣುಕು. ಅಮೆರಿಕದಲ್ಲಿರುವ ನೆಂಟರು ವಾಟ್ಸಾಪ್‌ನಲ್ಲಿ ಕಳಿಸಿದ್ದು ನಮ್ಮ ಡೆಸ್ಕ್‌ಗೂ ಬರುತ್ತದೆ: ಉದ್ದಕ್ಕೆ ಕತ್ತರಿಸಿದ ಫ್ರೇಮ್, ಮುಖ ಮಾತ್ರ, ಕೆಳಗೆ ದಪ್ಪ ಅಕ್ಷರ, ಹಿಂದೆ ಮ್ಯೂಸಿಕ್. ಕತ್ತರಿಸಿದವರು ಯಾರೋ ಗೊತ್ತಿಲ್ಲ. ಮೂಲ ವಿಡಿಯೋ ಹುಡುಕಿ, ಆ ಮಾತಿನ ಒಂದು ನಿಮಿಷ ಹಿಂದೆ, ಒಂದು ನಿಮಿಷ ಮುಂದೆ ಕೇಳದೆ ನಾವು ಎಡಿಟಿಂಗ್ ಟೈಮ್‌ಲೈನ್‌ಗೆ ಹಾಕುವುದಿಲ್ಲ. ಆಂಬಿಯೆನ್ಸ್ ಟ್ರ್ಯಾಕ್ ಇದ್ದರೆ ಅದನ್ನು ಮ್ಯೂಟ್ ಮಾಡುವುದಿಲ್ಲ.

ಆ ವರ್ಷದ ಅಕ್ಟೋಬರ್ 14ರಂದು ಪೆನ್ಸಿಲ್ವೇನಿಯಾದ ಓಕ್ಸ್‌ನಲ್ಲಿ ಟ್ರಂಪ್ ಸಭೆ ಇತ್ತು. ಪ್ರಶ್ನೋತ್ತರ ನಿಲ್ಲಿಸಿ, ಅರ್ಧ ಗಂಟೆಗೂ ಜಾಸ್ತಿ ಹಾಡು ಹಾಕಿಸಿ, ವೇದಿಕೆಯ ಮೇಲೆ ಮೈ ತೂಗುತ್ತಾ ನಿಂತರು. ನೋಡಲು ಬಹಳ ತಮಾಷೆಯ ವಿಶುವಲ್. ನಮ್ಮ ತಂಡದ ಹೊಸ ಹುಡುಗಿ ಪೂರ್ತಿ ಫೀಡ್ ನೋಡಿ ಬಂದಳು. ಅದಕ್ಕೆ ಮೊದಲು ಸಭಿಕರಲ್ಲಿ ಇಬ್ಬರಿಗೆ ಆರೋಗ್ಯ ಕೆಟ್ಟು ಸಭೆ ನಿಂತಿತ್ತು.

"ಸರ್, ಅದನ್ನು ಹಾಕಿದರೆ ಅವರ ಪರ ಮಾಡಿದ ಹಾಗೆ ಆಗಲ್ವಾ?" ಎಂದು ಕೇಳಿದಳು.

"ಅದನ್ನೂ ಹಾಕಮ್ಮ. ಅಷ್ಟು ಹೊತ್ತು ಹಾಡು ಕೇಳುತ್ತಾ ನಿಂತದ್ದನ್ನೂ ಹಾಕು. ಎರಡೂ ನಡೆದಿದೆ. ಮೊದಲು ನಡೆದದ್ದು ಮೊದಲು ಬರಲಿ" ಎಂದೆ.

ಪ್ಯಾಕೇಜ್ ಕೊಟ್ಟ ಸಮಯಕ್ಕಿಂತ ಉದ್ದವಾಯಿತು. ಅವಳೇ ಬುಲೆಟಿನ್ ಪ್ರೊಡ್ಯೂಸರ್ ಹತ್ತಿರ ಹೋಗಿ, ಯಾಕೆ ಬೇಕು ಎಂದು ವಿವರಿಸಿ ಹೆಚ್ಚಿನ ಸೆಕೆಂಡು ಕೇಳಿದಳು. ಅವರು ಕೊಟ್ಟರು.