ಬ್ಯಾಂಕಾಕ್‌ನಲ್ಲಿ ಎಕ್ಕದ ಹಾರ

18 ಜನವರಿ 2025, ಶನಿವಾರ

ರಾತ್ರಿ ಹತ್ತೂವರೆ ಆಗಿದೆ. ಎರಡೂ ಕಾಲು ಹಿಡಿದುಕೊಂಡಿವೆ. ಅಮ್ಮ ಮಾತ್ರ ಇನ್ನೂ ಮಲಗಿಲ್ಲ, ಮಂಚದ ಮೇಲೆ ಟವೆಲ್ ಹಾಸಿ ಹೂವು ಹರಡಿಕೊಂಡು ಕೂತಿದ್ದಾಳೆ.

ಬೆಳಿಗ್ಗೆ ಏಳಕ್ಕೆಲ್ಲ ಮೆಟ್ರೋ ಹಿಡಿದು ಸನಾಂ ಛಾಯ್‌ನಲ್ಲಿ ಇಳಿದೆವು. ನಮ್ಮ ಬೆಂಗಳೂರಿನ ಹಾಗೇ ಇಲ್ಲೂ ದುಂಡನೆಯ ಪ್ಲಾಸ್ಟಿಕ್ ಟೋಕನ್. ಸ್ಟೇಷನ್ ಒಳಗೆ ಅರಮನೆಯ ದರ್ಬಾರಿನ ಥರ ಕಂಬಗಳು, ಅಮ್ಮ ಅಲ್ಲೇ ನಿಂತುಬಿಟ್ಟಳು. ಅಲ್ಲಿಂದ ಸ್ವಲ್ಪ ನಡೆದರೆ ಪಾಕ್ ಖ್ಲೋಂಗ್ ತಲಾತ್, ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಹೂವಿನ ಮಾರುಕಟ್ಟೆ. ಕೆ.ಆರ್. ಮಾರ್ಕೆಟ್ ಗೊತ್ತಿದ್ದವರಿಗೆ ಇದು ದೂರದಿಂದಲೇ ಮೂಗಿಗೆ ಸಿಗುತ್ತದೆ. ಆದರೆ ಚೆಂಡು ಹೂವನ್ನು ಇಲ್ಲಿ ಗುಡ್ಡೆ ಹಾಕಿರಲಿಲ್ಲ, ಒಂದೇ ಅಳತೆಯವನ್ನು ಆರಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಜೋಡಿಸಿಟ್ಟಿದ್ದರು.

ಒಂದು ಅಂಗಡಿ ಮುಂದೆ ಅಮ್ಮ ನನ್ನ ಕೈ ಹಿಡಿದು ಎಳೆದಳು. "ನೋಡೇ, ಇದು ಎಕ್ಕದ ಹೂವಲ್ವಾ!" ಹೌದು, ಎಕ್ಕವೇ. ಹೂವಿನ ನಡುವಿನ ಪುಟ್ಟ ಕಿರೀಟದಂಥ ಭಾಗವನ್ನಷ್ಟೇ ಬಿಡಿಸಿ, ಮಣಿಗಳ ಹಾಗೆ ಪೋಣಿಸಿದ್ದರು. ನಮ್ಮಲ್ಲಿ ಶನಿವಾರ ಆಂಜನೇಯನಿಗೆ ಎಕ್ಕದ ಹಾರ ಹಾಕುತ್ತೇವೆ, ಇವತ್ತು ಶನಿವಾರವೇ. ಇಲ್ಲಿ ಇದಕ್ಕೆ 'ದೋಕ್ ರಕ್' ಅನ್ನುತ್ತಾರೆ. ರಕ್ ಅಂದರೆ ಪ್ರೀತಿ, ಹಾಗಾಗಿ ಮದುವೆಯ ಹಾರದಲ್ಲೂ ಎಕ್ಕ ಇರುತ್ತದೆ. ಮನೆಯ ಹಿಂದೆ ಬೇಲಿಯಲ್ಲಿ ಬೆಳೆಯುವ ಗಿಡ, ಇಲ್ಲಿ ಅದಕ್ಕೆ ಪ್ರೀತಿ ಅಂತ ಹೆಸರು! ಹಾರಕ್ಕೆ 'ಮಾಲೈ' ಅನ್ನುತ್ತಾರೆ, ನಮ್ಮ ಮಾಲೆಯೇ.

ಕಟ್ಟುವ ರೀತಿ ಮಾತ್ರ ಬೇರೆ. ನಾವು ಎರಡು ಹೂವು ಹಿಡಿದು ದಾರದ ಗಂಟು ಹಾಕುತ್ತೇವೆ, ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಇವರು ಒಂದಡಿಯಷ್ಟು ಉದ್ದದ ಸೂಜಿಗೆ ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಚುಚ್ಚಿ, ಸುತ್ತಲೂ ತಿರುಗಿಸುತ್ತಾ ಜೋಡಿಸಿ, ಸೂಜಿ ತುಂಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ದಾರಕ್ಕೆ ಜಾರಿಸುತ್ತಾರೆ. ಆ ಅಂಗಡಿಯ ಹೆಂಗಸು ಒಂದು ಸ್ಟೂಲ್ ಎಳೆದು ಅಮ್ಮನನ್ನು ಕೂರಿಸಿ, ಸೂಜಿ ಕೊಟ್ಟೇಬಿಟ್ಟರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಮುಕ್ಕಾಲು ಗಂಟೆ ಕೂತಿದ್ದರು. ಅಷ್ಟು ಹೊತ್ತೂ ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಇಲ್ಲಿ ಮಲ್ಲಿಗೆ ಅಂದರೆ ಅಮ್ಮನ ಹೂವು. ಆಗಸ್ಟ್ 12ರ ತಾಯಂದಿರ ದಿನಕ್ಕೆ ಮಕ್ಕಳು ಅಮ್ಮಂದಿರಿಗೆ ಮಲ್ಲಿಗೆಯನ್ನೇ ಕೊಡುವುದು. ನಾನೂ ಒಂದು ಮಾಲೆ ಕೊಂಡು ಅಮ್ಮನ ಕೈಗಿಟ್ಟೆ. ಅವಳು ತಕ್ಷಣ ಮುಡಿಗೆ ಸಿಕ್ಕಿಸಲು ಹೋದಳು. ಅಂಗಡಿಯವರು ನಕ್ಕು, ತಮ್ಮದೇ ಒಂದು ಹೇರ್‌ಪಿನ್ ತೆಗೆದು ಕೊಟ್ಟರು.

ಆಮೇಲೆ ವಾಟ್ ಫೋ ಅನ್ನುವ ಬುದ್ಧನ ದೇವಸ್ಥಾನ. ದಾರಿಯಲ್ಲಿ ಯಾರೋ ಒಬ್ಬ "ಇವತ್ತು ರಜಾ, ಟುಕ್‌ಟುಕ್‌ನಲ್ಲಿ ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ" ಅಂದ. ಇದನ್ನು ನಂಬಬೇಡಿ, ನೇರ ಬಾಗಿಲಿಗೆ ಹೋಗಿ ನೋಡಿ. ಮಲಗಿದ ಬುದ್ಧ 46 ಮೀಟರ್ ಉದ್ದ, ಒಂದೇ ಸಲಕ್ಕೆ ಕಣ್ಣಿಗೆ ಹಿಡಿಯುವುದಿಲ್ಲ, ಕಂಬಗಳ ನಡುವಿನಿಂದ ತುಂಡು ತುಂಡಾಗಿ ಕಾಣುತ್ತಾನೆ. ಅಂಗಾಲಿನಲ್ಲಿ ಕಪ್ಪೆಚಿಪ್ಪಿನಿಂದ ಮಾಡಿದ 108 ಮಂಗಳ ಚಿಹ್ನೆಗಳಿವೆ. ಹಿಂಬದಿಯ ಗೋಡೆಗುಂಟ 108 ಕಂಚಿನ ಪಾತ್ರೆ, ಒಂದೊಂದಕ್ಕೂ ಒಂದೊಂದು ಚಿಲ್ಲರೆ ನಾಣ್ಯ ಹಾಕುತ್ತಾ ಹೋಗಬೇಕು. ಟಣ್ ಟಣ್ ಅನ್ನುವ ಆ ಸದ್ದು ಇಡೀ ಕಟ್ಟಡದಲ್ಲಿ ಇತ್ತು.

ಮಧ್ಯಾಹ್ನ ಮತ್ತೆ ಮೆಟ್ರೋ, ಕಂಫೆಂಗ್ ಫೆಟ್ ಸ್ಟೇಷನ್, ಚತುಚಕ್ ವಾರಾಂತ್ಯದ ಸಂತೆ. ಸಾವಿರಾರು ಅಂಗಡಿ, 27 ವಿಭಾಗ, ಕೆಂಡದಂಥ ಸೆಕೆ. ನಡುವೆ ಗಡಿಯಾರದ ಗೋಪುರ ಇದೆ, ತಪ್ಪಿಸಿಕೊಂಡರೆ ಅಲ್ಲಿ ಸೇರೋಣ ಅಂತ ಮೊದಲೇ ಮಾತಾಡಿಕೊಂಡೆವು. ಆನೆ ಚಿತ್ರದ ಕಾಟನ್ ಪ್ಯಾಂಟ್ ಮೂರು ಕೊಂಡೆವು, ಅಮ್ಮನ ಚೌಕಾಸಿಗೆ ಬೆರಳೇ ಸಾಕಾಯಿತು. ಸಾರಿನಲ್ಲೆಲ್ಲ ಮೀನಿನ ಸಾಸ್ ಹಾಕುತ್ತಾರೆ, ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ' ಗುರುತು ಹುಡುಕಬೇಕು. ನಮಗೆ ಸಿಗಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಕೊಡುವ ಐಸ್‌ಕ್ರೀಮು, ಮಾವಿನಹಣ್ಣಿನ ಜೊತೆ ಕಾಯಿಹಾಲಿನ ಅಂಟು ಅನ್ನ, ಅದೇ ಊಟ. ಅಂಟು ಅನ್ನ ಅಮ್ಮನಿಗೆ ಎಷ್ಟು ಹಿಡಿಸಿತು ಅಂದರೆ ಎರಡನೇ ಪ್ಲೇಟೂ ತರಿಸಿದೆವು.

ಇಷ್ಟೆಲ್ಲ ತಿರುಗಿದ ಮೇಲೂ ಅವಳು ರೂಮಿಗೆ ಬಂದು ಮೊದಲು ಬಿಚ್ಚಿದ್ದು ಬೆಳಗಿನ ಪೊಟ್ಟಣವನ್ನು. ಒಳಗೆ ಒಂದು ಸೂಜಿ, ಒಂದು ಚೀಲ ಎಕ್ಕ, ಒಂದಿಷ್ಟು ಮಲ್ಲಿಗೆ ಮೊಗ್ಗು. ಈಗ ಅರ್ಧ ಮೊಳದಷ್ಟಾಗಿದೆ. ಹೋಟೆಲ್ ಮುಂದೆ ಕಂಬದ ಮೇಲೆ ಪುಟ್ಟ ಗುಡಿ ಇದೆ, ನಾಳೆ ಬೆಳಿಗ್ಗೆ ಅದಕ್ಕೆ ಹಾಕಬೇಕಂತೆ. ಲೈಟ್ ಆರಿಸಬೇಡ, ಇನ್ನು ಹತ್ತೇ ನಿಮಿಷ ಅಂದಳು.