ಎರಡು ಕರೆಗಳ ನಡುವೆ 13 ಸೆಕೆಂಡು

ನಾನಿರುವ ಸಂಶೋಧನಾ ತಂಡದಲ್ಲಿ ಮೂರು ಥರದ ಜನ ಇದ್ದೇವೆ. ದೂರಸಂಪರ್ಕ ನೀತಿ ಓದಿಕೊಂಡವರು, ಗಣಿತ ಮತ್ತು ಎಂಜಿನಿಯರಿಂಗ್ ಕಡೆಯವರು, ಆಮೇಲೆ ಕೆಲಸದ ಜಾಗ, ಕೆಲಸಗಾರರ ದಿನಚರಿ ಅಧ್ಯಯನ ಮಾಡುವ ನಮ್ಮಂಥವರು. ಒಂದೇ ಟೇಬಲ್ಲಿನ ಸುತ್ತ ಕೂತು ಒಂದೇ ಅಂಕಿ ನೋಡಿದರೂ ಮೂವರಿಗೂ ಕಾಣುವುದು ಬೇರೆ ಬೇರೆ. ಮೊದಮೊದಲು ಇದರಿಂದ ತಲೆನೋವೇ ಜಾಸ್ತಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು "ಅವರು ಹೇಳಿದ್ದೇನು?" ಅಂತ ಕೇಳಿಕೊಳ್ಳುವುದು ಮಾಮೂಲು.

ಆದರೆ ಈ ಕೆಲಸದಿಂದ ನಾನು ಕಲಿತ ದೊಡ್ಡ ಪಾಠವೂ ಈ ತಲೆನೋವಿನಿಂದಲೇ ಬಂತು. ಹೊಸದಾಗಿ ಸೇರುವವರಿಗೆ ಅದನ್ನೇ ಹೇಳುತ್ತೇನೆ. ಸೇವೆಯ ಒಂದು ಅಂಕಿ ಚೆನ್ನಾಗಿ ಕಾಣುತ್ತಿದೆಯಾ? ಅದನ್ನು ಹಾಗೆ ಇಡಲು ಯಾರ ಸಮಯ ಖರ್ಚಾಗುತ್ತಿದೆ ಅಂತ ಮೊದಲು ನೋಡಿ. ಸುಮ್ನೆ ಹೇಳಿದರೆ ಇದು ಉಪದೇಶದ ಥರ ಕೇಳುತ್ತದೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಕಾಲ್ ಸೆಂಟರ್ ಲೋಕದಲ್ಲಿ ಎಲ್ಲರ ಬಾಯಲ್ಲೂ ಇರುವ ಗುರಿ ಒಂದಿದೆ: 80/20. ಬಂದ ಕರೆಗಳಲ್ಲಿ ನೂರಕ್ಕೆ 80ನ್ನು 20 ಸೆಕೆಂಡಿನೊಳಗೆ ಎತ್ತಬೇಕು. ನೀತಿಯವರ ಕಣ್ಣಿಗೆ ಇದು ಗ್ರಾಹಕರ ರಕ್ಷಣೆ. ಎಂಜಿನಿಯರುಗಳಿಗೆ ಇದು ಎಷ್ಟು ಜನರನ್ನು ಕೂರಿಸಬೇಕು ಅನ್ನುವ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಸೂತ್ರ ನೂರು ವರ್ಷಕ್ಕೂ ಹಳೆಯದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್ ಅನ್ನುವ ಗಣಿತಜ್ಞ 1909ರಲ್ಲಿ ಈ ದಾರಿಯ ಮೊದಲ ಲೇಖನ ಬರೆದರು, 1917ರಲ್ಲಿ ಸೂತ್ರಗಳನ್ನು ಕೊಟ್ಟರು. ಫೋನ್ ದಟ್ಟಣೆ ಅಳೆಯುವ ಏಕಮಾನಕ್ಕೆ ಇವತ್ತಿಗೂ ಅವರ ಹೆಸರೇ ಇದೆ. ಶಿಫ್ಟ್ ಹಾಕಿಕೊಡುವ ಎಷ್ಟೋ ಸಾಫ್ಟ್‌ವೇರುಗಳ ಬುಡದಲ್ಲಿ ಇರುವುದೂ ಆ ಸೂತ್ರವೇ. (ಅವರ ಬಗ್ಗೆ ನನಗೆ ಇಷ್ಟವಾದ ಸಂಗತಿ ಬೇರೆ. ಕೇಬಲ್ ಅಳತೆ ಮಾಡಲು ಅವರೇ ಬೀದಿಯ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದರಂತೆ, ಜೊತೆಗೆ ಏಣಿ ಹೊತ್ತ ಒಬ್ಬ ಆಳು. ನಮ್ಮ ಎಂಜಿನಿಯರ್ ಗೆಳೆಯರಿಗೆ ಇದನ್ನು ಆಗಾಗ ನೆನಪಿಸುತ್ತಿರುತ್ತೇನೆ.)

ಈಗ ಲೆಕ್ಕ. ಒಂದು ಚಿಕ್ಕ ಸೆಂಟರ್ ಅಂದುಕೊಳ್ಳಿ. ಅರ್ಧ ಗಂಟೆಗೆ 100 ಕರೆ, ಒಂದೊಂದು ಸರಾಸರಿ 3 ನಿಮಿಷ. ಅಂದರೆ 30 ನಿಮಿಷದಲ್ಲಿ 300 ನಿಮಿಷದ ಕೆಲಸ, 10 ಎರ್ಲಾಂಗ್: ಬಿಡುವೇ ಇಲ್ಲದೆ ಮಾತಾಡುವ 10 ಜನರ ಕೆಲಸ. 10 ಜನ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಕರೆಗಳು ಸಾಲಾಗಿ ಒಂದರ ಹಿಂದೆ ಒಂದು ಬರುವುದಿಲ್ಲ. ಒಮ್ಮೆ ಗುಂಪಾಗಿ ಮುಗಿಬೀಳುತ್ತವೆ, ಒಮ್ಮೆ ಸದ್ದೇ ಇರುವುದಿಲ್ಲ. 13 ಜನರನ್ನು ಕೂರಿಸಿದರೂ 80/20 ಕೂದಲೆಳೆಯಲ್ಲಿ ತಪ್ಪುತ್ತದೆ. 14 ಜನ ಬೇಕು. ಹಾಗೆ ಕೂರಿಸಿದಾಗ ಒಬ್ಬೊಬ್ಬರೂ ನೂರಕ್ಕೆ 71ರಷ್ಟು ಸಮಯ ಮಾತಿನಲ್ಲಿರುತ್ತಾರೆ. ಉಳಿದದ್ದು ಮುಂದಿನ ಕರೆಗೆ ಕಾಯುವ ಸಮಯ. ಒಂದು ಕರೆಗೆ ಹಂಚಿದರೆ ಸರಾಸರಿ 72 ಸೆಕೆಂಡು.

ಇಂಥ ಹತ್ತು ಸೆಂಟರುಗಳನ್ನು ಮುಚ್ಚಿ ಒಂದೇ ದೊಡ್ಡದು ಮಾಡಿದರು ಅನ್ನಿ. ಅರ್ಧ ಗಂಟೆಗೆ 1000 ಕರೆ, 100 ಎರ್ಲಾಂಗ್. ಮೊದಲು ಒಟ್ಟು 140 ಜನ ಇದ್ದರು. ಈಗ ಅದೇ ಗುರಿಗೆ 107 ಜನ ಸಾಕು. ಇದರಲ್ಲಿ ಮೋಸವಿಲ್ಲ. ಕ್ಯೂ ದೊಡ್ಡದಾದಷ್ಟೂ ಏರಿಳಿತ ಒಂದಕ್ಕೊಂದು ಸರಿಹೋಗುತ್ತದೆ, ಹೆಚ್ಚುವರಿ ಜನ ಕಡಿಮೆ ಸಾಕಾಗುತ್ತದೆ. ಕಂಪನಿಗೆ ಉಳಿತಾಯ. ಫೋನ್ ಮಾಡಿದವರಿಗೆ ಸೇವೆ ಗುರಿಯೊಳಗೇ ಇದೆ. ನಿಯಂತ್ರಕರ ವರದಿಯಲ್ಲಿ 80/20ರ ಮುಂದೆ ಎಂದಿನಂತೆ ಟಿಕ್ ಮಾರ್ಕ್. ಆದರೆ ಒಬ್ಬೊಬ್ಬರೂ ಈಗ ನೂರಕ್ಕೆ 93ರಷ್ಟು ಸಮಯ ಕರೆಯಲ್ಲೇ ಇರುತ್ತಾರೆ. ಎರಡು ಕರೆಗಳ ನಡುವಿನ ಬಿಡುವು 72 ಸೆಕೆಂಡಿನಿಂದ 13ಕ್ಕೆ ಇಳಿದಿದೆ.

ಕರೆ ಅದೇ, ಗುರಿ ಅದೇ, ಸೂತ್ರವೂ ಅದೇ. ಜನ ಕಡಿಮೆಯಾದರು, ಅದರ ಜೊತೆಗೆ ಯಾವ ಕಾಲಮ್ಮಿನಲ್ಲೂ ಬರೆಯದ ಆ ಬಿಡುವೂ ಬದಲಾಯಿತು.

ಆ 13 ಸೆಕೆಂಡು ಹೇಗಿರುತ್ತದೆ ಅನ್ನುವುದು ಲೆಕ್ಕದಿಂದ ತಿಳಿಯುವುದಿಲ್ಲ. ಅದಕ್ಕೆ ನಾವು ಎರಡನೇ ಹೆಡ್‌ಸೆಟ್ ಹಾಕಿಕೊಂಡು ಏಜೆಂಟುಗಳ ಪಕ್ಕ ಕೂರುತ್ತೇವೆ. ಅಲ್ಲಿ ರಿಂಗ್ ಆಗುವುದಿಲ್ಲ. ಕಿವಿಯಲ್ಲಿ ಒಂದು ಬೀಪ್, ಅಷ್ಟೇ. ಬೀಪ್ ಮುಗಿಯುವಷ್ಟರಲ್ಲಿ ಆ ಕಡೆಯವರು ಮಾತಾಡಲು ಶುರುಮಾಡಿರುತ್ತಾರೆ. ಕರೆ ಎತ್ತುವುದು, ಬಿಡುವುದು ಏಜೆಂಟಿನ ಕೈಯಲ್ಲಿಲ್ಲ. ಹಿಂದಿನ ಕರೆಯವರು ಬೈದು ಇಟ್ಟಿದ್ದರೂ ಮುಂದಿನ ಕರೆಗೆ ದನಿ ನಗುನಗುತ್ತಲೇ ಇರಬೇಕು. ಆ ನಡುವೆಯೇ ಹಿಂದಿನ ದೂರಿನ ಟಿಕೆಟ್‌ಗೆ ಕಾರಣದ ಕೋಡ್ ಆರಿಸಬೇಕು. ಹುಡುಕಲು ಟೈಮಿಲ್ಲದಾಗ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಕೋಡ್ ಒತ್ತುತ್ತಾರೆ. ಮುಂದೆ ಆ ಕೋಡುಗಳ ಎಣಿಕೆಯೇ "ಗ್ರಾಹಕರ ಪ್ರಮುಖ ದೂರುಗಳು" ಅಂತ ನೀತಿ ವರದಿಗೆ ಹೋಗುತ್ತದೆ. ಪಕ್ಕದಲ್ಲಿ ಕೂತು ನೋಡಿದವರಿಗೆ ಆ ಪಟ್ಟಿಯನ್ನು ಮುಂಚಿನ ಹಾಗೆ ನಂಬಲು ಆಗುವುದಿಲ್ಲ.

ಒಬ್ಬ ಏಜೆಂಟ್ ಕರೆಯ ನಡುವೆ "ಒಂದು ನಿಮಿಷ ಲೈನಲ್ಲಿರಿ ಸರ್, ಚೆಕ್ ಮಾಡ್ತೀನಿ" ಅಂತ ಹೋಲ್ಡ್ ಹಾಕಿದಳು. ಚೆಕ್ ಮಾಡಲು ಏನೂ ಇರಲಿಲ್ಲ, ಉತ್ತರ ಆಗಲೇ ಸ್ಕ್ರೀನಿನ ಮೇಲಿತ್ತು. ಬಾಟಲಿ ತೆಗೆದು ನೀರು ಕುಡಿದಳು, ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸಿದಳು. ನನ್ನ ಕಡೆ ನೋಡಿ, "ಇಲ್ಲಾಂದ್ರೆ ಯಾವಾಗ ಕುಡಿಯೋದು ಮೇಡಂ?" ಅಂದಳು. ಹೋಲ್ಡ್ ತೆಗೆದು, "ಕಾದಿದ್ದಕ್ಕೆ ಥ್ಯಾಂಕ್ಸ್ ಸರ್" ಅಂತ ಮಾತು ಮುಂದುವರಿಸಿದಳು.

ಇದನ್ನು ನಮ್ಮ ಗಣಿತದವರಿಗೆ ಹೇಳಿದಾಗ ಅವರು ಎದ್ದು ಬೋರ್ಡಿನ ಹತ್ತಿರ ಹೋದರು. ಯಾಕೆಂದರೆ ಹೋಲ್ಡ್ ಸಮಯ ಕರೆಯ ಸಮಯಕ್ಕೇ ಸೇರುತ್ತದೆ. ಏಜೆಂಟುಗಳೆಲ್ಲ ಕರೆಯ ಒಳಗೇ ಉಸಿರು ತೆಗೆದುಕೊಂಡರೆ ಸರಾಸರಿ ಕರೆ ಉದ್ದವಾಗುತ್ತದೆ. ಕರೆ ಉದ್ದವಾದರೆ ಎರ್ಲಾಂಗ್ ಏರುತ್ತದೆ. ಆಗ ಮ್ಯಾನೇಜರುಗಳು "ಹ್ಯಾಂಡಲ್ ಟೈಮ್ ಇಳಿಸಿ", ಅಂದರೆ ಒಂದೊಂದು ಕರೆಯನ್ನೂ ಬೇಗ ಮುಗಿಸಿ, ಅಂತ ಒತ್ತುತ್ತಾರೆ. ಒತ್ತಿದಷ್ಟೂ ಜನ ಬಿಡುವಿಗೆ ಇನ್ನೊಂದು ಸಂದು ಹುಡುಕುತ್ತಾರೆ. ಸೂತ್ರಕ್ಕೆ ನಾವು ಕೊಡುತ್ತಿದ್ದ 3 ನಿಮಿಷ ಅನ್ನುವ ಅಂಕಿ ಸೂತ್ರದ ಹೊರಗಿನಿಂದ ಬಂದದ್ದಲ್ಲ. ಎಷ್ಟು ಜನರನ್ನು ಕೂರಿಸಿದ್ದೇವೆ ಅನ್ನುವುದೇ ಅದನ್ನು ಸ್ವಲ್ಪ ಮಟ್ಟಿಗೆ ತೀರ್ಮಾನಿಸುತ್ತದೆ. ಮೂರೂ ಕಡೆಯವರು ಒಂದೇ ರೂಮಿನಲ್ಲಿ ಇಲ್ಲದಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಪಕ್ಕದಲ್ಲಿ ಕೂರುವುದಕ್ಕೂ ಅದರದೇ ತೊಡಕು ಇದೆ. ನೋಡುವವರಿದ್ದಾರೆ ಅಂದರೆ ಜನ ಬೇರೆ ಥರ ಕೆಲಸ ಮಾಡುತ್ತಾರೆ ಅನ್ನುವ ಮಾತು ಬಂದದ್ದೇ ಟೆಲಿಫೋನ್ ಸಾಮಾನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯಿಂದ. ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ದೀಪದ ಬೆಳಕು ಏರಿಸಿ ಇಳಿಸಿ ಪ್ರಯೋಗ ಮಾಡಿದರು. ಏನು ಮಾಡಿದರೂ ಉತ್ಪಾದನೆ ಏರಿತು ಅಂತ ಕಥೆ ಹಬ್ಬಿತು. ಕಳೆದೇಹೋಗಿದೆ ಅಂದುಕೊಂಡಿದ್ದ ಆ ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಹುಡುಕಿ ತೆಗೆದು, 2011ರಲ್ಲಿ ಪ್ರಕಟಿಸಿದರು. ಕಥೆಯಲ್ಲಿ ಹೇಳುವಷ್ಟು ದೊಡ್ಡ ಪರಿಣಾಮ ಅಲ್ಲಿರಲಿಲ್ಲ. ಇನ್ನೊಂದು ತೊಡಕು ಒಪ್ಪಿಗೆಯದು. ಮ್ಯಾನೇಜರ್ ಎದುರಿಗೆ ನಿಂತು "ನಿಮ್ಮ ಪಕ್ಕ ಕೂರಬಹುದಾ?" ಅಂತ ಕೇಳಿದರೆ ಯಾರು ತಾನೇ ಬೇಡ ಅಂದಾರು? ನಾವು ಶಿಫ್ಟಿನ ಹೊರಗೆ, ಮೇಲಿನವರು ಇಲ್ಲದಾಗ ಕೇಳುತ್ತೇವೆ. ಆಗ ಬೇಡ ಅನ್ನುವವರೂ ಸಿಗುತ್ತಾರೆ. ಸಿಗಬೇಕು ಕೂಡ.

ಇದು ಹೊಸ ಜಗಳವೂ ಅಲ್ಲ. 1907ರಲ್ಲಿ ಟೊರಾಂಟೊದಲ್ಲಿ ಸುಮಾರು 400 ಟೆಲಿಫೋನ್ ಆಪರೇಟರ್ ಹೆಣ್ಣುಮಕ್ಕಳು ಮುಷ್ಕರ ಹೂಡಿದರು. 5 ಗಂಟೆಯ ಪಾಳಿಯನ್ನು 8 ಗಂಟೆಗೆ ಏರಿಸಲು ಕಂಪನಿ ಹೊರಟಿತ್ತು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಅದರಲ್ಲಿದ್ದವರೊಬ್ಬರು ಮುಂದೆ ಕೆನಡಾದ ಪ್ರಧಾನಿಯಾದ ವಿಲಿಯಂ ಲಯಾನ್ ಮೆಕೆಂಜಿ ಕಿಂಗ್. ಸ್ವಿಚ್‌ಬೋರ್ಡಿನ ಮುಂದೆ ಎಡೆಬಿಡದೆ ಕೂತರೆ ನರಗಳ ಮೇಲೆ ಏನಾಗುತ್ತದೆ ಅಂತ ಹೇಳಲು ವೈದ್ಯರನ್ನು ಕರೆಸಿದರು. ಸಂಪರ್ಕ ನೀತಿ, ವಿಜ್ಞಾನ, ಕೆಲಸದ ಬದುಕು ಮೂರೂ ಒಂದೇ ವಿಚಾರಣೆಯಲ್ಲಿ ಎದುರುಬದುರು ಕೂತಿದ್ದವು. ನಡುವೆ ಈ ಮೂರೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ಪತ್ರಿಕೆಗಳಾಗಿ ಹಂಚಿಹೋದವು. ನಮ್ಮ ತಂಡದ ಕೆಲಸವನ್ನು ಜನ "ಹೊಸ ಪ್ರಯೋಗ" ಅಂದಾಗ ನನಗೆ ನಗು ಬರುತ್ತದೆ.

ಹತ್ತಿರದ ಕಾಲದ ಉದಾಹರಣೆ ಬೇಕಾದರೆ ಚೀನಾದ ಸಿಟ್ರಿಪ್ ಅನ್ನುವ ಪ್ರಯಾಣ ಕಂಪನಿಯ ಪ್ರಯೋಗ ನೋಡಿ. ಅದರ ಕಾಲ್ ಸೆಂಟರ್ ನೌಕರರಲ್ಲಿ ಕೆಲವರನ್ನು ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಿಸಿದರು. ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಫಲಿತಾಂಶ: ಕೆಲಸ ನೂರಕ್ಕೆ 13ರಷ್ಟು ಏರಿತು. ಎಲ್ಲರೂ ನೆನಪಿಟ್ಟುಕೊಂಡದ್ದು ಈ 13ನ್ನು. ಆದರೆ ಅದರಲ್ಲಿ 9 ಬಂದದ್ದು ಅದೇ ಶಿಫ್ಟಿನಲ್ಲಿ ಹೆಚ್ಚು ನಿಮಿಷ ದುಡಿದದ್ದರಿಂದ. ಬ್ರೇಕ್ ಕಡಿಮೆ, ಹುಷಾರಿಲ್ಲದ ರಜೆ ಕಡಿಮೆ. ನಿಮಿಷಕ್ಕೆ ಹೆಚ್ಚು ಕರೆ ಎತ್ತಿದ್ದರಿಂದ ಬಂದದ್ದು 4 ಮಾತ್ರ. ಕೆಲಸ ಬಿಟ್ಟುಹೋಗುವವರು ಅರ್ಧಕ್ಕೆ ಇಳಿದರು, ಹೌದು. ಆದರೂ ಪ್ರಯೋಗ ಮುಗಿದು ಮನೆಯೋ ಆಫೀಸೋ ಅಂತ ಆಯ್ಕೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಜಾಗ ಬದಲಿಸಿಕೊಂಡರು. ಈ ಅಧ್ಯಯನವನ್ನು ನಾನು ಮೆಚ್ಚುವುದು 13ಕ್ಕಾಗಿ ಅಲ್ಲ, ಅದನ್ನು ಬಿಡಿಸಿ ತೋರಿಸಿದ್ದಕ್ಕಾಗಿ.

ಬಿಡಿಸಿ ನೋಡುವ ಅಭ್ಯಾಸ 80/20ಕ್ಕೂ ಬೇಕು. ಆ 20 ಸೆಕೆಂಡು ಎಲ್ಲಿಂದ ಶುರು? "ಒಂದು ಒತ್ತಿ, ಎರಡು ಒತ್ತಿ" ಅಂತ ಸುತ್ತಿಸುವ ಹೊತ್ತು ಅದರಲ್ಲಿ ಇದೆಯಾ, ಇಲ್ಲವಾ? ಕಾದು ಬೇಸತ್ತು ಫೋನ್ ಇಟ್ಟವರನ್ನು ಎಲ್ಲಿ ಸೇರಿಸಿದ್ದಾರೆ? ಲೈನ್ ಬ್ಯುಸಿ ಬಂದು ಕ್ಯೂಗೇ ಸೇರದವರು? ಈ ಉತ್ತರ ಬದಲಾದಂತೆ ಅದೇ ಸೆಂಟರ್ ಗುರಿ ಮುಟ್ಟಬಹುದು, ಮುಟ್ಟದೆಯೂ ಇರಬಹುದು. ಮೇಲಿನ ನನ್ನ ಲೆಕ್ಕದಲ್ಲೂ ಯಾರೂ ಫೋನ್ ಇಡುವುದಿಲ್ಲ ಅನ್ನುವ ಊಹೆ ಇದೆ. ಎರ್ಲಾಂಗರ ಆ ಸೂತ್ರ ಇರುವುದೇ ಹಾಗೆ.

ಹಾಗಾದರೆ ದೊಡ್ಡ ಸೆಂಟರ್ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ನಮ್ಮ ಗುಂಪಿನ ಕೆಲವರು ಹೇಳುತ್ತಾರೆ, ಅವರ ಜೊತೆ ನನಗೆ ಜಗಳವಿದೆ. 140ರಿಂದ 107ಕ್ಕೆ ಇಳಿದ 33 ಜನರ ಲೆಕ್ಕವನ್ನೇ ಮತ್ತೆ ನೋಡಿ. 107ರ ಬದಲು 120 ಜನರನ್ನು ಇಟ್ಟರೆ ಬಿಡುವು 36 ಸೆಕೆಂಡಿಗೆ ಏರುತ್ತದೆ. ಕಂಪನಿಗೆ ಇನ್ನೂ 20 ಜನರ ಉಳಿತಾಯ ಇದೆ. ಫೋನ್ ಮಾಡಿದವರು ಕಾಯುವುದೇ ಇಲ್ಲ ಅನ್ನಬಹುದು. ಒಟ್ಟುಗೂಡಿಸಿದ್ದರಿಂದ ಲಾಭ ಬಂತು ಅನ್ನುವುದು ಗಣಿತ. ಅದನ್ನು 107ಕ್ಕೆ ನಿಲ್ಲಿಸಬೇಕೋ 120ಕ್ಕೋ ಅನ್ನುವುದು ಗಣಿತವಲ್ಲ. ಅದು ಮಾತುಕತೆ ಮಾಡಿ ಹಂಚಿಕೊಳ್ಳುವ ವಿಷಯ. ಆದರೆ ಸಾಫ್ಟ್‌ವೇರಿನಲ್ಲಿ "ಕನಿಷ್ಠ ಎಷ್ಟು ಜನ" ಅಂತ ಒಂದೇ ಬಾಕ್ಸ್ ಇರುತ್ತದೆ. ಹಾಗಾಗಿ ಮಾತುಕತೆ ನಡೆಯುವ ಮೊದಲೇ ಉತ್ತರ ಬಂದುಬಿಟ್ಟಿರುತ್ತದೆ.

ಇದನ್ನು ಬರೆಯಲು ಕೂತಾಗ ಇನ್ನೊಂದು ಕಷ್ಟ. ನೀತಿಯ ಪತ್ರಿಕೆಗೆ ಕಳಿಸಿದರೆ "ಶಿಫಾರಸು ಎಲ್ಲಿ?" ಅಂತಾರೆ. ಎಂಜಿನಿಯರಿಂಗ್ ಪತ್ರಿಕೆಗೆ ನೀರಿನ ಬಾಟಲಿಯ ಕಥೆ ಬೇಡ. ಕಾರ್ಮಿಕ ಅಧ್ಯಯನದವರು ಸೂತ್ರ ಬಂದ ಪುಟವನ್ನೇ ಹಾರಿಸುತ್ತಾರೆ. ಮೂರು ತುಂಡು ಮಾಡಿ ಮೂರು ಕಡೆ ಕಳಿಸಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಬಡ್ತಿಗೆ ಅದು ಒಳ್ಳೆಯದೂ ಹೌದು. ಆದರೆ ತುಂಡು ಮಾಡಿದ ಕೂಡಲೇ 72ರಿಂದ 13 ಅನ್ನುವುದು ಯಾವ ತುಂಡಿನಲ್ಲೂ ಉಳಿಯುವುದಿಲ್ಲ. ನಾವು ಕಂಡುಕೊಂಡ ದಾರಿ ಸರಳ. ಲೇಖನ ಎಲ್ಲಿಗೇ ಹೋಗಲಿ, ಸೇವೆಯ ಮಟ್ಟ, ಜನರ ಸಂಖ್ಯೆ, ಕರೆಗಳ ನಡುವಿನ ಬಿಡುವು, ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಹಾಕುತ್ತೇವೆ. ಅದನ್ನು ಒಡೆಯಲು ಬಿಡುವುದಿಲ್ಲ. ಸಂಪಾದಕರು ಅನುಬಂಧಕ್ಕೆ ತಳ್ಳಲು ನೋಡುತ್ತಾರೆ. ಅಲ್ಲಿ ಮಾತ್ರ ಹಟ ಹಿಡಿಯುತ್ತೇವೆ.

ಈಗ ಕೆಲಸ ಚಾಟ್ ಕಡೆಗೆ ತಿರುಗಿದೆ. ಒಬ್ಬ ಏಜೆಂಟ್ ಒಂದೇ ಹೊತ್ತಿಗೆ ಎರಡು ಮೂರು ಕಿಟಕಿಗಳಲ್ಲಿ ಉತ್ತರ ಬರೆಯುತ್ತಿರುತ್ತಾರೆ. ಒಬ್ಬ ಗ್ರಾಹಕ ಟೈಪ್ ಮಾಡುವ ಹೊತ್ತು ಇನ್ನೊಬ್ಬರಿಗೆ ಹೋಗುತ್ತದೆ. ಒಬ್ಬರಿಗೆ ಒಂದೇ ಕರೆ ಅನ್ನುವ ಎರ್ಲಾಂಗರ ಊಹೆ ಇಲ್ಲಿ ನಿಲ್ಲುವುದಿಲ್ಲ. ನಡುವಿನ ಬಿಡುವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗೆರೆ ಎಳೆಯುವುದೇ ಕಷ್ಟ. ಸದ್ಯಕ್ಕೆ ಕೀಲಿಮಣೆ ಸುಮ್ಮನಿದ್ದ ಹೊತ್ತನ್ನು ಅಳೆಯೋಣ ಅಂತ ಗಣಿತದವರು ಹೇಳುತ್ತಿದ್ದಾರೆ. ಸುಮ್ಮನಿದ್ದಾಗ ಅವರು ಮೂರು ಕಿಟಕಿಗಳನ್ನು ಓದುತ್ತಿರುತ್ತಾರೆ, ಅದು ಬಿಡುವಲ್ಲ ಅಂತ ನಾನು ವಾದಿಸುತ್ತಿದ್ದೇನೆ. ಮುಂದಿನ ವಾರ ಎರಡೂ ಕಡೆಯವರು ಒಟ್ಟಿಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೇವೆ.