ಅಳತೆಯಿಲ್ಲದ ಕೌದಿ

ಮಡಿಕೇರಿಯಲ್ಲಿ ಜಡಿಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಹಳೆಬಟ್ಟೆ ತುಂಡುಗಳನ್ನು ಸೇರಿಸಿ ಕೈಯಲ್ಲೇ ಹೊಲಿಯುವ ನನ್ನ ಹೊದಿಕೆ, ಕೌದಿ, ಹೊರಬರುತ್ತದೆ. ಅಳತೆಯಿಲ್ಲ, ನಕ್ಷೆಯಿಲ್ಲ. ಅತ್ತೆಯವರ ಹಳೆಯ ಹತ್ತಿ ಸೀರೆಯನ್ನು ತಳಕ್ಕೆ ಹಾಸಿ, ಕೈಗೆ ಸಿಕ್ಕ ತುಂಡನ್ನು ಇಡುತ್ತಾ ಹೋಗುತ್ತೇನೆ. ಗಿಳಿಹಸಿರು ಲಂಗದ ಪಕ್ಕ ಯಜಮಾನರ ಗೆರೆ ಅಂಗಿಯ ತೋಳು. ಒಪ್ಪದಿದ್ದರೆ ನಡುವೆ ಒಂದು ಕೆಂಪು ಪಟ್ಟಿ, ಜಗಳ ಮುಗಿಯಿತು!

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನನ್ನದೂ ಅದೇ ದಾರಿ. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕುಗಟ್ಟುವುದಿಲ್ಲ. ಜೀನ್ಸ್ ತುಂಡು ಮಾತ್ರ ಬೇಡವೇ ಬೇಡ: ಸೂಜಿ ಇಳಿಯುವುದಿಲ್ಲ, ಒಗೆದರೆ ಈ ಥಂಡಿಯಲ್ಲಿ ವಾರವಾದರೂ ಒಣಗುವುದಿಲ್ಲ.

ಹೊಲಿಗೆ ಯಂತ್ರ ಇದೆಯಲ್ಲಮ್ಮ ಎನ್ನುತ್ತಾಳೆ ಮಗಳು. ಇದೆ. ಆದರೆ ಅದರ ಓಟದಲ್ಲಿ, ಅರ್ಧಕ್ಕೆ ನಿಲ್ಲಿಸಿ ಹಳದಿ ತುಂಡನ್ನು ತಿರುಗಿಸಿ ನೋಡೋಣ ಎಂದು ನನಗೆ ಹೊಳೆಯುವುದೇ ಇಲ್ಲ.